ಬೇರುನಾಳ ಚಿಕಿತ್ಸೆಯ ನಂತರ ಕಚ್ಚುವಾಗ ಬರುವ ಹಲ್ಲುನೋವು

ಆಡುಮಾತಿನಲ್ಲಿ ರೂಟ್ ಕೆನಾಲ್ ಎಂದೇ ಹೆಸರಾಗಿರುವ ಬೇರುನಾಳ ಚಿಕಿತ್ಸೆಯನ್ನು ಮಾಡಿಸಿಕೊಂಡ ಹಲ್ಲು ತುತ್ತನ್ನು ಅಗಿಯುವಾಗ, ಗಟ್ಟಿ ಪದಾರ್ಥವನ್ನು ಕಚ್ಚುವಾಗ ಅಥವಾ ಎದುರು ಹಲ್ಲಿಗೆ ಸುಮ್ಮನೆ ತಾಗಿದಾಗ ನೋಯುವುದು ದಂತವೈದ್ಯರ ಬಳಿಗೆ ಪದೇ ಪದೇ ಬರುವ ದೂರುಗಳಲ್ಲಿ ಒಂದು. ಇದು ತನ್ನಷ್ಟಕ್ಕೆ ಒಂದು ರೋಗವಲ್ಲ. ಎರಡು ದಿನಗಳಲ್ಲಿ ತಾನಾಗಿ ಇಳಿಯುವ ಉರಿಯೂತದಿಂದ ಹಿಡಿದು ಹಲ್ಲನ್ನೇ ಕಳೆದುಕೊಳ್ಳಬೇಕಾಗುವ ಬೇರಿನ ಒಡಕಿನವರೆಗೆ ಹಲವು ಕಾರಣಗಳ ಸಮಾನ ಲಕ್ಷಣ. ನೋವು ಎಷ್ಟು ಜೋರಾಗಿದೆ ಎಂಬುದಕ್ಕಿಂತ ಅದು ಚಿಕಿತ್ಸೆಯಾದ ಎಷ್ಟು ದಿನಕ್ಕೆ ಬಂತು, ಕಚ್ಚಿದಾಗ ಬರುತ್ತದೆಯೋ ಕಚ್ಚಿ ಬಿಟ್ಟಾಗ ಬರುತ್ತದೆಯೋ, ಹಲ್ಲಿನ ಯಾವ ಮೊನೆಯ ಮೇಲೆ ಒತ್ತಿದರೆ ಬರುತ್ತದೆ ಎಂಬ ವಿವರಗಳೇ ಕಾರಣವನ್ನು ಹೆಚ್ಚು ಸ್ಪಷ್ಟವಾಗಿ ತೋರಿಸಿಕೊಡುತ್ತವೆ.

‘ನರ ತೆಗೆಸಿದ ಹಲ್ಲು ಮತ್ತೆ ನೋಯುವುದು ಹೇಗೆ’ ಎಂಬುದು ರೋಗಿಗಳ ಸಹಜವಾದ ಪ್ರಶ್ನೆ. ಹಲ್ಲಿನ ಒಳಗಿನ ಟೊಳ್ಳಿನಲ್ಲಿ ರಕ್ತನಾಳ, ನರ ಮತ್ತು ಮೆದುವಾದ ಅಂಗಾಂಶಗಳಿಂದ ಕೂಡಿದ ತಿರುಳು ಇರುತ್ತದೆ. ಹುಳುಕು ಆಳಕ್ಕೆ ಇಳಿದು ಈ ತಿರುಳಿಗೆ ಸೋಂಕು ತಗಲಿದಾಗ ಅದನ್ನು ತೆಗೆದು, ಬೇರಿನ ಉದ್ದಕ್ಕೂ ಸಾಗುವ ಸಣ್ಣ ನಾಳಗಳನ್ನು ಸೂಜಿಯಂತಹ ಅರಗಳಿಂದ ಕೆರೆದು, ಸೋಂಕುನಾಶಕ ದ್ರವದಿಂದ ತೊಳೆದು, ಗುಟ್ಟಾಪರ್ಚಾ ಎಂಬ ರಬ್ಬರಿನಂತಹ ವಸ್ತುವಿನಿಂದ ತುಂಬುವುದೇ ಬೇರುನಾಳ ಚಿಕಿತ್ಸೆ. ಈ ಚಿಕಿತ್ಸೆಯಿಂದ ಹೋಗುವುದು ಹಲ್ಲಿನ ಒಳಗಿನ ನರ ಮಾತ್ರ. ಹಲ್ಲಿನ ಬೇರು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿರದೆ, ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ತೆಳುವಾದ ನಾರಿನ ಪದರವೊಂದರಲ್ಲಿ ತೂಗುಹಾಕಿದಂತೆ ನಿಂತಿರುತ್ತದೆ. ಪರಿದಂತ ಬಂಧ ಎಂದು ಕರೆಯಬಹುದಾದ ಈ ಪದರದಲ್ಲಿ ಒತ್ತಡವನ್ನೂ ನೋವನ್ನೂ ಗ್ರಹಿಸುವ ನರತುದಿಗಳು ಹೇರಳವಾಗಿದ್ದು, ಅನ್ನದಲ್ಲಿ ಸಿಕ್ಕ ಮರಳಿನ ಕಣವನ್ನು ಮನುಷ್ಯನು ಕೂಡಲೇ ಗುರುತಿಸುವುದು ಇವುಗಳ ಬಲದಿಂದಲೇ. ಬಿಸಿ, ತಣ್ಣಗೆ, ಸಿಹಿಗೆ ಜುಮ್ಮೆನ್ನುವ ನೋವು ತಿರುಳಿನದು. ಕಚ್ಚಿದಾಗ ಬರುವ ನೋವು ಬಹುಮಟ್ಟಿಗೆ ಈ ಬಂಧದ್ದು ಮತ್ತು ಅದರ ಆಚೆಯ ಮೂಳೆಯದು. ಆದ್ದರಿಂದ ನಾಳವನ್ನು ಎಷ್ಟೇ ಚೊಕ್ಕವಾಗಿ ತುಂಬಿದ್ದರೂ ಸುತ್ತಲಿನ ಬಂಧ ಕೆರಳಿದರೆ ಹಲ್ಲು ನೋಯುತ್ತದೆ, ಮತ್ತು ಹಾಗೆ ನೋಯುವುದರಿಂದಲೇ ‘ನರ ಉಳಿದುಬಿಟ್ಟಿದೆ’ ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ.

ಚಿಕಿತ್ಸೆಯ ಬೆನ್ನಿಗೇ ಬರುವ ನೋವು ಕಚ್ಚುನೋವುಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು ಮತ್ತು ಅತ್ಯಂತ ನಿರಪಾಯಕರವಾದದ್ದು. ಅರಗಳು ಬೇರಿನ ತುದಿಯವರೆಗೆ ಹೋಗಿ ಬರುವಾಗ, ಕೆರೆದ ಪುಡಿ ಮತ್ತು ಅದರೊಡನೆ ಬೆರೆತ ರೋಗಾಣುಗಳು ಅಲ್ಪಸ್ವಲ್ಪ ತುದಿಯ ರಂಧ್ರದಿಂದ ಆಚೆಗೆ ತಳ್ಳಲ್ಪಡುತ್ತವೆ. ದೇಹ ಅದಕ್ಕೆ ಉರಿಯೂತದ ಮೂಲಕ ಉತ್ತರ ಕೊಡುತ್ತದೆ, ಬಂಧದೊಳಗೆ ದ್ರವ ಸೇರಿ ಹಲ್ಲು ಕೂದಲೆಳೆಯಷ್ಟು ಮೇಲೇಳುತ್ತದೆ, ಎದುರು ಹಲ್ಲು ಅದಕ್ಕೇ ಮೊದಲು ತಾಗುತ್ತದೆ. 2011ರಲ್ಲಿ ಪ್ರಕಟವಾದ ಒಂದು ಸಮಗ್ರ ಸಮೀಕ್ಷೆಯ ಪ್ರಕಾರ ಚಿಕಿತ್ಸೆಗೆ ಮೊದಲು ಶೇ. 81ರಷ್ಟು ರೋಗಿಗಳಲ್ಲಿ ಇದ್ದ ನೋವು ಚಿಕಿತ್ಸೆಯಾದ 24 ಗಂಟೆಗಳಲ್ಲಿ ಶೇ. 40ಕ್ಕೂ, ಒಂದು ವಾರದಲ್ಲಿ ಶೇ. 11ಕ್ಕೂ ಇಳಿದಿತ್ತು. ಚಿಕಿತ್ಸೆಗೆ ಮೊದಲೇ ಕಚ್ಚಲು ನೋಯುತ್ತಿದ್ದ ಹಲ್ಲು ಆನಂತರವೂ ಕೆಲವು ದಿನ ನೋಯುವ ಸಂಭವ ಹೆಚ್ಚು. ಕೆಲವರಲ್ಲಿ ಮಾತ್ರ ಒಂದೆರಡು ದಿನಗಳಲ್ಲಿ ನೋವು ಏಕಾಏಕಿ ಉಲ್ಬಣಿಸಿ ಮುಖ ಊದಿಕೊಳ್ಳುತ್ತದೆ. ತಿರುಳು ಮೊದಲೇ ಸತ್ತು ಕೊಳೆತಿದ್ದ ಹಲ್ಲುಗಳಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ನಾಳ ತೊಳೆಯುವ ಸೋಡಿಯಂ ಹೈಪೋಕ್ಲೋರೈಟ್ ದ್ರವವೇ ತುದಿಯಿಂದ ಆಚೆಗೆ ನುಗ್ಗಿದರಂತೂ ಕುಳಿತಲ್ಲೇ ತೀವ್ರವಾದ ಉರಿನೋವು ಮತ್ತು ಬಾವು ಬರುತ್ತವೆ. ಇದು ಅಪರೂಪದ ಅವಘಡ.

ಎರಡನೆಯ ಕಾರಣ ಬಹಳ ಸರಳವಾದದ್ದು, ಅಷ್ಟೇ ಸುಲಭವಾಗಿ ಕಣ್ತಪ್ಪುವಂಥದ್ದು: ತುಂಬಿದ ಸಿಮೆಂಟು ಅಥವಾ ಮೇಲೆ ಕೂರಿಸಿದ ಕ್ಯಾಪು ಎತ್ತರವಾಗಿರುವುದು. ಚಿಕಿತ್ಸೆಯ ವೇಳೆ ತುಟಿ, ದವಡೆ ಮರಗಟ್ಟಿರುವ ರೋಗಿಗೆ ತನ್ನ ಕಚ್ಚುವಿಕೆ ಸರಿಯಿದೆಯೋ ಇಲ್ಲವೋ ತಿಳಿಯದು. ಮರುದಿನ ಆ ಒಂದೇ ಹಲ್ಲು ಇಡೀ ದವಡೆಯ ಭಾರವನ್ನು ಹೊತ್ತು ನೋಯತೊಡಗುತ್ತದೆ. ಬಣ್ಣದ ಕಾಗದವನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿಸಿ, ಗುರುತು ಬಿದ್ದ ಎತ್ತರದ ಜಾಗವನ್ನು ತೇದರೆ ಒಂದೆರಡು ದಿನಗಳಲ್ಲಿ ನೋವು ಇಳಿಯುತ್ತದೆ. ನೇರವಾಗಿ ಕಚ್ಚಿದಾಗ ಸರಿಯಿದ್ದು, ಅಗಿಯುವಂತೆ ದವಡೆಯನ್ನು ಪಕ್ಕಕ್ಕೆ ಸರಿಸಿದಾಗ ಮಾತ್ರ ತಾಗುವ ಎತ್ತರಗಳೂ ಇರುವುದರಿಂದ ಎರಡನ್ನೂ ಪರೀಕ್ಷಿಸಬೇಕಾಗುತ್ತದೆ.

ವಾರಗಳು ಕಳೆದರೂ ಇಳಿಯದ ಅಥವಾ ತಿಂಗಳು, ವರ್ಷಗಳ ನಂತರ ಹೊಸದಾಗಿ ಹುಟ್ಟುವ ನೋವಿನ ಮಾತು ಬೇರೆ. ಇಲ್ಲಿ ಮೊದಲು ಸಂಶಯಿಸಬೇಕಾದದ್ದು ನಾಳದೊಳಗೆ ಉಳಿದ ಅಥವಾ ಮರಳಿ ಬಂದ ಸೋಂಕನ್ನು. ಬೇರುತುದಿಯ ಉರಿಯೂತಕ್ಕೆ ರೋಗಾಣುಗಳೇ ಮೂಲವೆಂಬುದನ್ನು ಅಮೆರಿಕದ ಕಾಕೆಹಾಶಿ, ಸ್ಟ್ಯಾನ್ಲಿ ಮತ್ತು ಫಿಟ್ಜೆರಾಲ್ಡ್ 1965ರಲ್ಲಿ ರೋಗಾಣುರಹಿತವಾಗಿ ಬೆಳೆಸಿದ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟರು: ತಿರುಳನ್ನು ತೆರೆದಿಟ್ಟರೂ ಅಂತಹ ಇಲಿಗಳಲ್ಲಿ ಕೀವಾಗಲಿಲ್ಲ, ಸಾಮಾನ್ಯ ಇಲಿಗಳಲ್ಲಿ ತಿರುಳು ಸತ್ತು ಬೇರುತುದಿಯಲ್ಲಿ ಕೀವುಗಟ್ಟಿತು. ಸೋಂಕು ಉಳಿಯಲು ಮುಖ್ಯ ಕಾರಣ ನಾಳಗಳ ವಿಚಿತ್ರ ರಚನೆ. ಮೇಲ್ದವಡೆಯ ಮೊದಲ ದೊಡ್ಡ ಹಲ್ಲಿಗೆ ಮೂರು ಬೇರುಗಳಿದ್ದರೂ ಕೆನ್ನೆಯ ಕಡೆಯ ಮುಂಭಾಗದ ಬೇರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಎರಡು ನಾಳಗಳಿರುತ್ತವೆ. ಕಿರಿದಾಗಿ, ಕಿವುಚಿಕೊಂಡಂತೆ ಇರುವ ಈ ನಾಲ್ಕನೆಯ ನಾಳ ಕೈತಪ್ಪುವುದೇ ಹೆಚ್ಚು. ಕೆಳದವಡೆಯ ಎರಡನೆಯ ದೊಡ್ಡ ಹಲ್ಲಿನಲ್ಲಿ ನಾಳಗಳು ಬಿಡಿಬಿಡಿಯಾಗಿರದೆ ಬಾಗಿದ ಪಟ್ಟಿಯಂತೆ ಕೂಡಿಕೊಂಡಿರುವುದೂ ಉಂಟು. ಇವುಗಳ ಜೊತೆಗೆ ನಾಳದ ತಿರುವಿನಲ್ಲಿ ಮುರಿದು ಉಳಿದ ಅರದ ತುಂಡು, ತುದಿಯವರೆಗೆ ತಲುಪದ ತುಂಬುವಿಕೆ, ನಾಳ ಬಿಟ್ಟು ಬೇರಿನ ಗೋಡೆಯಲ್ಲೇ ಕೊರೆದ ತೂತು ಇವೂ ಸೋಂಕಿಗೆ ಮನೆಮಾಡಿಕೊಡುತ್ತವೆ.

ನಾಳವನ್ನು ಸರಿಯಾಗಿ ತುಂಬಿದ್ದರೂ ಮೇಲಿನ ಮುಚ್ಚಳ ಸಡಿಲವಾದರೆ ಉಗುಳು ಮತ್ತು ರೋಗಾಣುಗಳು ಸಂದಿಯಿಂದ ಒಳಗಿಳಿದು ಕೆಲಸವನ್ನೆಲ್ಲ ಕೆಡಿಸುತ್ತವೆ. 1995ರಲ್ಲಿ ರೇ ಮತ್ತು ಟ್ರೋಪ್ ಎಂಬವರು 1010 ಹಲ್ಲುಗಳ ಎಕ್ಸ್‌ರೇ ಚಿತ್ರಗಳನ್ನು ಪರಿಶೀಲಿಸಿ, ಬೇರುತುದಿಯ ಆರೋಗ್ಯಕ್ಕೆ ನಾಳ ತುಂಬಿದ ರೀತಿಯಂತೆಯೇ, ಕೆಲಮಟ್ಟಿಗೆ ಅದಕ್ಕಿಂತಲೂ ಹೆಚ್ಚಾಗಿ, ಮೇಲಿನ ತುಂಬುವಿಕೆಯ ಗುಣಮಟ್ಟವೇ ಸಂಬಂಧಿಸಿದೆ ಎಂದು ಸೂಚಿಸಿದರು. ಈ ತೀರ್ಮಾನದ ತೂಕದ ಬಗೆಗೆ ಆನಂತರ ಚರ್ಚೆಗಳಾಗಿದ್ದರೂ ಮುಚ್ಚಳ ಮುಖ್ಯವೆಂಬ ಮಾತು ನಿಂತಿದೆ. ತಾತ್ಕಾಲಿಕ ಸಿಮೆಂಟು ಹಾಕಿಸಿಕೊಂಡು ತಿಂಗಳುಗಟ್ಟಲೆ ಹಾಗೇ ಬಿಡುವುದು ಅಪಾಯಕರವಾಗುವುದು ಇದರಿಂದಲೇ. ಗುಟ್ಟಾಪರ್ಚಾ ಅಥವಾ ಅದರೊಡನೆ ಬಳಸುವ ಅಂಟುಲೇಪ ಬೇರಿನ ತುದಿಯಿಂದ ಸ್ವಲ್ಪ ಹೊರಚಾಚಿದಾಗಲೂ ಕೆಲಕಾಲ ಕಚ್ಚುನೋವು ಇರಬಹುದು, ಆದರೆ ಅಲ್ಲಿ ಸೋಂಕಿಲ್ಲದಿದ್ದರೆ ಸಾಮಾನ್ಯವಾಗಿ ತಾನಾಗಿ ಶಮನವಾಗುತ್ತದೆ.

ಈ ನೋವಿನ ಕಾರಣಗಳಲ್ಲಿ ಹೆಚ್ಚು ವಿಚಾರಕ್ಕೆ ಅರ್ಹವಾದದ್ದು ಬಿರುಕು. ಹಲ್ಲಿನಲ್ಲಿ ಮೂಡುವ ಸೂಕ್ಷ್ಮ ಬಿರುಕಿನಿಂದ ಕಚ್ಚುವಾಗ, ವಿಶೇಷವಾಗಿ ಕಚ್ಚಿ ಬಿಡುವ ಕ್ಷಣದಲ್ಲಿ, ಚುಚ್ಚಿದಂತೆ ನೋಯುವುದನ್ನು 1964ರಲ್ಲಿ ಕ್ಯಾಮರಾನ್ ಎಂಬ ದಂತತಜ್ಞ ಬಿರುಕುಹಲ್ಲಿನ ಲಕ್ಷಣಕೂಟ ಎಂಬ ಅರ್ಥದ ಹೆಸರಿನಿಂದ ವಿವರಿಸಿದನು. ಎಷ್ಟೋ ವೇಳೆ ತಿರುಳಿಗೆ ಸೋಂಕು ತಗಲಲು ಇಂತಹ ಬಿರುಕೇ ದಾರಿಯಾಗಿರುತ್ತದೆ; ಆಗ ಬೇರುನಾಳ ಚಿಕಿತ್ಸೆಯಿಂದ ತಿರುಳಿನ ನೋವು ಹೋದರೂ ಬಿರುಕು ಇದ್ದಲ್ಲೇ ಇದ್ದು, ಅಗಿದಾಗಲೆಲ್ಲ ಅದರ ಎರಡು ದಂಡೆಗಳು ಸೂಕ್ಷ್ಮವಾಗಿ ಅಗಲಿ ಬಂಧವನ್ನು ಕೆರಳಿಸುತ್ತವೆ. ಚಿಕಿತ್ಸೆಯಾದ ಹಲ್ಲು ಒಣಕಲು ಕಟ್ಟಿಗೆಯಂತೆ ನೀರಾರಿ ಪೆಡಸಾಗುವುದರಿಂದ ಒಡೆಯುತ್ತದೆಂಬ ನಂಬಿಕೆ ವೈದ್ಯರಲ್ಲಿಯೂ ಬಹುಕಾಲ ಇತ್ತು. ನಿಜವಾದ ಕಾರಣ ಹಲ್ಲಿನ ಒಡಲು ಬರಿದಾಗುವುದು. 1989ರಲ್ಲಿ ರೀ, ಮೆಸ್ಸರ್ ಮತ್ತು ಡಗ್ಲಾಸ್ ನಡೆಸಿದ ಅಳತೆಗಳಲ್ಲಿ ಬೇರುನಾಳಕ್ಕಾಗಿ ಕೊರೆದದ್ದರಿಂದ ಹಲ್ಲಿನ ಬಿಗುವು ಶೇ. 5ರಷ್ಟೇ ಕುಗ್ಗಿದರೆ, ಮುಂದಿನ ಮತ್ತು ಹಿಂದಿನ ಎರಡೂ ಅಂಚುಗಳನ್ನು ಕಳೆದುಕೊಂಡ ದೊಡ್ಡ ಕುಳಿಯಿಂದ ಶೇ. 63ರಷ್ಟು ಕುಗ್ಗಿತ್ತು. ಅಂದರೆ ಹಲ್ಲನ್ನು ದುರ್ಬಲಗೊಳಿಸುವುದು ಚಿಕಿತ್ಸೆಗಿಂತ ಅದಕ್ಕೆ ಮೊದಲೇ ಅಂಚುಗಳನ್ನು ತಿಂದುಹಾಕಿದ ಹುಳುಕು. ಇನ್ನೊಂದು ವಿಷಯವೂ ಇಲ್ಲಿ ಗಮನಾರ್ಹ: ತಿರುಳಿಲ್ಲದ ಹಲ್ಲು ಭಾರವನ್ನು ಗ್ರಹಿಸುವುದು ತಡವಾಗಿ, 1986ರಲ್ಲಿ ಸ್ವೀಡನ್ನಿನಲ್ಲಿ ಕೆಲವೇ ಹಲ್ಲುಗಳ ಮೇಲೆ ನಡೆದ ಒಂದು ಪ್ರಯೋಗದಲ್ಲಿ ಅಂತಹ ಹಲ್ಲುಗಳು ನೋವನ್ನು ತೋರಲು ಜೀವಂತ ಹಲ್ಲಿನ ಸುಮಾರು ಎರಡು ಪಟ್ಟು ಭಾರ ಬೇಕಾಯಿತು. ಹೀಗೆ ದುರ್ಬಲವಾದ ಹಲ್ಲಿನ ಮೇಲೇ ಅರಿವಿಲ್ಲದೆ ಹೆಚ್ಚು ಭಾರ ಬೀಳುತ್ತದೆ. ಅಗಿಯುವ ಹಲ್ಲಿಗೆ ಚಿಕಿತ್ಸೆಯ ನಂತರ ಕ್ಯಾಪ್ ಹಾಕಿಸಬೇಕೆಂಬ ಸಲಹೆಗೆ ಇದೇ ಆಧಾರ; ಕ್ಯಾಪಿಲ್ಲದ ಹಲ್ಲುಗಳು ಕ್ಯಾಪಿರುವ ಹಲ್ಲುಗಳಿಗಿಂತ ಆರು ಪಟ್ಟು ವೇಗದಲ್ಲಿ ನಷ್ಟವಾದವೆಂದು 2002ರ ಒಂದು ಅಧ್ಯಯನ ಹೇಳುತ್ತದೆ.

ಬಿರುಕು ಮೇಲಿನ ಭಾಗಕ್ಕೆ ಸೀಮಿತವಾಗಿದ್ದರೆ ಕ್ಯಾಪಿನ ಬಿಗಿತದಲ್ಲಿ ಹಲ್ಲು ಉಳಿದೀತು. ಬೇರೇ ಉದ್ದಕ್ಕೆ ಸೀಳಿದರೆ ಉಳಿಯುವುದು ಕಷ್ಟ. ಬೇರಿನ ಸೀಳು ಸದ್ದಿಲ್ಲದೆ ಬೆಳೆಯುತ್ತದೆ: ಮೊದಲು ಕಚ್ಚುವಾಗ ಮಂದವಾದ ನೋವು, ಆಮೇಲೆ ವಸಡಿನ ಮೇಲೆ ಬಂದು ಹೋಗುವ ಸಣ್ಣ ಕೀವುಗುಳ್ಳೆ, ಹಲ್ಲಿನ ಸುತ್ತ ಬೇರೆಲ್ಲ ಕಡೆ ವಸಡು ಬಿಗಿಯಾಗಿದ್ದು ಒಂದೇ ಕಡೆ ಆಳವಾಗಿ, ಕಿರಿದಾಗಿ ಇಳಿಯುವ ಸಂದಿ. ಸೀಳಿನ ಗೆರೆ ಎಕ್ಸ್‌ರೇಯಲ್ಲಿ ಕಾಣದಿರುವುದೇ ಹೆಚ್ಚು, ಅದರ ಸುತ್ತ ಮೂಳೆ ಕರಗಿದ ನೆರಳಷ್ಟೇ ಕಾಣುತ್ತದೆ.

ಶಿವಮೊಗ್ಗ ಜಿಲ್ಲೆಯ ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳಂತಹ ಅಡಿಕೆಯ ನಾಡಿನಲ್ಲಿ ಬಿರುಕಿನ ಈ ವಿಚಾರಕ್ಕೆ ಬೇರೆಯೇ ತೂಕ ಬರುತ್ತದೆ. ರೇಣುಕಾಂಬೆಯ ಗುಹಾದೇಗುಲ ಮತ್ತು ಬೆಟ್ಟದ ಕೋಟೆಗಳಿಂದ ಹೆಸರಾದ ಚಂದ್ರಗುತ್ತಿ ಸೊರಬ ತಾಲ್ಲೂಕಿನ ಒಂದು ಹೋಬಳಿ ಕೇಂದ್ರವಾಗಿದ್ದು, ಉತ್ತರ ಕನ್ನಡದ ಸಿದ್ದಾಪುರ, ಶಿರಸಿ ತಾಲ್ಲೂಕುಗಳ ಸೆರಗಿನಲ್ಲಿದೆ. ಗದ್ದೆ ಮತ್ತು ಅಡಿಕೆ ತೋಟ ಈ ಸೀಮೆಯ ಬದುಕು. ಹಸಿ ಅಡಿಕೆಯನ್ನು ಸುಲಿದು ಬೇಯಿಸಿ ಒಣಗಿಸಿದ ಕೆಂಪಡಿಕೆಯಾಗಲಿ, ಹಣ್ಣಡಿಕೆಯನ್ನು ಸಿಪ್ಪೆಯೊಡನೆ ಬಿಸಿಲಿಗೆ ಹರವಿ ಒಣಗಿಸಿ ಸುಲಿದ ಚಾಲಿಯಾಗಲಿ, ಎರಡೂ ಕಲ್ಲಿನಂತೆ ಗಟ್ಟಿ. ಊಟವಾದ ಮೇಲೆ ಎಲೆ, ಅಡಿಕೆ, ಸುಣ್ಣ, ಹಲವರಿಗೆ ಹೊಗೆಸೊಪ್ಪೂ ಸೇರಿದ ಕವಳ ಹಾಕುವುದು ಇಲ್ಲಿ ಆತಿಥ್ಯದ ಭಾಗವೇ ಆಗಿದ್ದು, ಅಡಕತ್ತರಿ ಕೈಗೆ ಸಿಗದಿದ್ದಾಗ ಅದರ ಕೆಲಸವನ್ನು ದವಡೆಹಲ್ಲಿಗೆ ವಹಿಸುವವರೂ ಇದ್ದಾರೆ. ದೀರ್ಘಕಾಲ ಅಡಿಕೆ ಅಗಿಯುವವರ ಹಲ್ಲಿನ ಮೊನೆಗಳು ಸವೆದು ಚಪ್ಪಟೆಯಾಗುವುದು, ಅಗಿತದ ಅತಿಭಾರದಿಂದ ಬೇರುಗಳು ಸೀಳುವುದು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಮೊನೆ ಸವೆದ ಹಲ್ಲು ಆಹಾರವನ್ನು ಕತ್ತರಿಸಲಾರದೆ ಅರೆಯಬೇಕಾಗುವುದರಿಂದ ಭಾರ ಮತ್ತಷ್ಟು ಹೆಚ್ಚುತ್ತದೆ. ಆದುದರಿಂದ ಈ ಪ್ರದೇಶದ ರೋಗಿಯೊಬ್ಬನು ಬೇರುನಾಳ ಚಿಕಿತ್ಸೆಯಾದ ಹಲ್ಲಿನಲ್ಲಿ ಕಚ್ಚುನೋವೆಂದು ಬಂದಾಗ ಬಿರುಕಿನ ಸಾಧ್ಯತೆಯನ್ನು ಕೊನೆಗೆ ಉಳಿಸಿಕೊಳ್ಳದೆ ಮೊದಲೇ ಪರೀಕ್ಷಿಸುವುದು ಯುಕ್ತ.

ಅಡಿಕೆಯಿಂದ ಇನ್ನೊಂದು, ಅಷ್ಟಾಗಿ ಹೊಳೆಯದ ತೊಂದರೆಯೂ ಇದೆ. ಅಡಿಕೆಯ ಸತ್ವಗಳು ಕೆನ್ನೆಯ ಒಳಪದರವನ್ನು ನಾರುಗಟ್ಟಿಸಿ ಬಿಗಿಯಾಗಿಸುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ರೋಗದಲ್ಲಿ ಬಾಯಿ ದಿನೇ ದಿನೇ ಕಿರಿದಾಗುತ್ತದೆ. ಎರಡು ಬೆರಳು ಹಿಡಿಸದ ಬಾಯಿಯಲ್ಲಿ ಹಿಂದಿನ ದವಡೆಹಲ್ಲಿಗೆ ಅರವನ್ನು ನೇರವಾಗಿ ಇಳಿಸಲು, ಉಗುಳು ತಡೆಯುವ ರಬ್ಬರ್ ಹಾಳೆಯನ್ನು ಕಟ್ಟಲು, ಎಕ್ಸ್‌ರೇ ಫಿಲ್ಮನ್ನು ಸರಿಯಾದ ಕೋನದಲ್ಲಿ ಹಿಡಿಸಲು ವೈದ್ಯನಿಗೆ ಆಗುವ ಕಷ್ಟ ಊಹಿಸಬಹುದಾದದ್ದೇ. ನಾಳ ತಪ್ಪಿಹೋಗುವ, ಅರ್ಧ ತುಂಬುವ ಸಂಭವ ಅಲ್ಲಿ ಸಹಜವಾಗಿ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನು ಮನುಷ್ಯನಿಗೆ ಕ್ಯಾನ್ಸರುಕಾರಕವೆಂದು ವರ್ಗೀಕರಿಸಿರುವುದರಿಂದ, ಕಚ್ಚುನೋವಿಗೆಂದು ಬಂದ ರೋಗಿಯ ಕೆನ್ನೆ, ನಾಲಗೆಗಳನ್ನೂ ಒಮ್ಮೆ ನೋಡುವುದು ಪರೀಕ್ಷೆಯ ಭಾಗವಾಗಬೇಕು.

ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಮಲೆನಾಡಿನ ಹಳ್ಳಿಗಳಿಗೆ ಸಹಜವಾದ ಮತ್ತೊಂದು ಸಂಕಷ್ಟ. ಬೇರುನಾಳ ಚಿಕಿತ್ಸೆಗೆ ಒಂದಕ್ಕಿಂತ ಹೆಚ್ಚು ಸಲ ಹೋಗಬೇಕಾಗುವುದು ಸಾಮಾನ್ಯ, ಕ್ಯಾಪಿಗೆ ಅಳತೆ ಕೊಡಲು ಒಮ್ಮೆ, ಕೂರಿಸಲು ಇನ್ನೊಮ್ಮೆ. ಚಂದ್ರಗುತ್ತಿಯ ಕಡೆಯವರಿಗೆ ಸೊರಬವೋ ಸಾಗರವೋ ಶಿರಸಿಯೋ, ತಜ್ಞರೇ ಬೇಕಾದರೆ ದಂತ ವೈದ್ಯಕೀಯ ಕಾಲೇಜಿರುವ ಶಿವಮೊಗ್ಗವೋ ಆಗಬೇಕು. ನೋವು ನಿಂತ ಹಲ್ಲಿಗಾಗಿ ಕೊಯ್ಲು, ಸುಲಿತದ ದಿನಗಳಲ್ಲಿ ಬಸ್ಸು ಹಿಡಿಯುವ ಉತ್ಸಾಹ ಯಾರಿಗೂ ಇರುವುದಿಲ್ಲ. ಕ್ಯಾಪಿನ ಖರ್ಚು ಚಿಕಿತ್ಸೆಯ ಖರ್ಚಿಗೆ ಸಮನಾಗಿಯೋ ಮಿಗಿಲಾಗಿಯೋ ಇರುವುದೂ ಮುಂದೂಡಲು ಕಾರಣ. ಇದನ್ನು ರೋಗಿಯ ಅಲಕ್ಷ್ಯವೆಂದು ಗದರುವುದಕ್ಕಿಂತ, ಕ್ಯಾಪಿಲ್ಲದೆ ಕೆಲಸ ಪೂರ್ತಿಯಾಗಲಿಲ್ಲವೆಂಬುದನ್ನು ಮೊದಲ ದಿನವೇ ಖರ್ಚಿನ ಸಮೇತ ತಿಳಿಸುವುದು ಹೆಚ್ಚು ಪ್ರಯೋಜನಕಾರಿ.

ಎಲ್ಲ ಕಚ್ಚುನೋವೂ ಚಿಕಿತ್ಸೆಯಾದ ಹಲ್ಲಿನದೇ ಎಂದಿಲ್ಲ. ಪಕ್ಕದ ಹುಳುಕು ಹಲ್ಲಿನ ನೋವನ್ನು ರೋಗಿ ಇದರ ಮೇಲೆ ಹೇರಬಹುದು. ವಸಡುರೋಗದಿಂದ ಮೂಳೆ ಕುಸಿದು ಸಡಿಲವಾದ ಹಲ್ಲು ಅಗಿಯುವಾಗ ನೋಯಬಹುದು. ಎರಡು ಹಲ್ಲುಗಳ ನಡುವಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡು ವಸಡು ಕೆರಳಬಹುದು. ಮೇಲ್ದವಡೆಯ ಹಿಂದಿನ ಹಲ್ಲುಗಳ ಬೇರುಗಳು ಅದೇ ದವಡೆಯ ಮೂಳೆಯೊಳಗಿನ ಗಾಳಿಗೂಡಿಗೆ ತಾಗಿದಂತೆಯೇ ಇರುವುದರಿಂದ ಶೀತ ಬಿಗಿದು ಆ ಗೂಡಿಗೆ ಸೋಂಕಾದಾಗ ಆ ಕಡೆಯ ಹಲ್ಲುಗಳೆಲ್ಲ ಒಟ್ಟಿಗೆ ಭಾರವಾಗಿ, ಮುಂದಕ್ಕೆ ಬಗ್ಗಿದಾಗ ನೋವು ಹೆಚ್ಚುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವವರಲ್ಲಿ ದವಡೆಯ ಸ್ನಾಯುಗಳ ನೋವೇ ಹಲ್ಲಿನ ನೋವಿನಂತೆ ತೋರುತ್ತದೆ. ಅಗಿಯುವುದರಿಂದ ಕೆರಳಿ ಮಿಂಚು ಹೊಡೆದಂತೆ ಕೆಲವೇ ಕ್ಷಣ ಇರುವ ಟ್ರೈಜೆಮಿನಲ್ ನರಶೂಲೆಯಂತೂ ಹಲ್ಲಿನದೆಂದು ಭ್ರಮಿಸಿ ಒಂದಾದಮೇಲೊಂದು ಹಲ್ಲು ಕೀಳಿಸಿಕೊಂಡವರ ಉದಾಹರಣೆಗಳಿಗೆ ಕಾರಣವಾಗಿದೆ. 2010ರ ಒಂದು ಸಮೀಕ್ಷೆಯ ಅಂದಾಜಿನಂತೆ ಚಿಕಿತ್ಸೆಯಾಗಿ ಆರು ತಿಂಗಳು ಕಳೆದರೂ ಶೇ. 5ರಷ್ಟು ಹಲ್ಲುಗಳಲ್ಲಿ ನೋವು ಉಳಿಯುತ್ತದೆ. ಅದರಲ್ಲಿ ಗಣನೀಯ ಪಾಲು ಹಲ್ಲಿಗೇ ಸಂಬಂಧಿಸಿದ್ದಲ್ಲ.

ಕಾರಣ ಹುಡುಕುವ ವಿಧಾನಗಳಲ್ಲಿ ಬಹುತೇಕ ಸರಳವಾದವು. ಉಪಕರಣದ ಹಿಡಿಯಿಂದ ಹಲ್ಲನ್ನು ಮೇಲಿನಿಂದಲೂ ಪಕ್ಕದಿಂದಲೂ ಮೆಲ್ಲಗೆ ತಟ್ಟಿ ಅಕ್ಕಪಕ್ಕದ ಹಲ್ಲುಗಳೊಡನೆ ಹೋಲಿಸುತ್ತಾರೆ. ಒಂದೊಂದು ಮೊನೆಯ ಮೇಲೆ ಸಣ್ಣ ಕಡ್ಡಿಯನ್ನಿಟ್ಟು ಕಚ್ಚಿಸಿ ಬಿಡಿಸುತ್ತಾರೆ. ವಸಡಿನ ಸಂದಿಯ ಆಳವನ್ನು ಸುತ್ತಲೂ ಅಳೆಯುತ್ತಾರೆ. ಬೇರೆ ಬೇರೆ ಕೋನಗಳಿಂದ ಎಕ್ಸ್‌ರೇ ತೆಗೆಯುತ್ತಾರೆ. ಇಷ್ಟರಿಂದ ತಿಳಿಯದಿದ್ದಾಗ ಮೂರು ಆಯಾಮಗಳ ಚಿತ್ರ ಕೊಡುವ ಸಿಬಿಸಿಟಿ ಎಂಬ ಎಕ್ಸ್‌ರೇ ತಪ್ಪಿದ ನಾಳವನ್ನು ತೋರಿಸಬಲ್ಲದು, ಆದರೆ ತುಂಬಿದ ಗುಟ್ಟಾಪರ್ಚಾ ಮತ್ತು ಲೋಹದ ಕ್ಯಾಪುಗಳ ಹೊಳಪಿನಿಂದ ಸೀಳಿನ ಗೆರೆ ಅದರಲ್ಲೂ ಮಸುಕಾಗುತ್ತದೆ. ಬೇರುತುದಿಯಲ್ಲಿ ಕಪ್ಪು ನೆರಳು ಕಂಡ ಮಾತ್ರಕ್ಕೆ ಚಿಕಿತ್ಸೆ ಸೋತಿತೆಂದು ಹೇಳಲಾಗದು. ಕರಗಿದ ಮೂಳೆ ಮತ್ತೆ ತುಂಬಿಕೊಳ್ಳಲು ತಿಂಗಳುಗಳು ಬೇಕು, ಒಂದು ವರ್ಷಕ್ಕೆ ಎಕ್ಸ್‌ರೇ ತೆಗೆದು ನೋಡಬೇಕು, ಸಂದೇಹವಿದ್ದರೆ ನಾಲ್ಕು ವರ್ಷದವರೆಗೂ ಕಾದು ಪರಿಶೀಲಿಸಬಹುದು ಎಂಬುದು ಯುರೋಪಿನ ತಜ್ಞಸಂಘದ ಮಾರ್ಗಸೂಚಿ.

ಪರಿಹಾರ ಕಾರಣವನ್ನು ಅವಲಂಬಿಸಿದೆ. ಮೊದಲ ದಿನಗಳ ನೋವಿಗೆ ವೈದ್ಯರು ಹೇಳಿದ ಐಬುಪ್ರೊಫೆನ್‌ನಂತಹ ಉರಿಯೂತ ಶಾಮಕ ಮತ್ತು ಆ ಬದಿಯಲ್ಲಿ ಅಗಿಯದಿರುವ ಎಚ್ಚರ ಸಾಕು; ಬಾವು, ಜ್ವರಗಳಿಲ್ಲದಿದ್ದರೆ ಆಂಟಿಬಯೋಟಿಕ್ ಮಾತ್ರೆಗಳಿಂದ ಲಾಭವಿಲ್ಲ. ಮನೆಮದ್ದಾದ ಲವಂಗದ ಎಣ್ಣೆ ತೆರೆದ ಹುಳುಕಿನ ನೋವನ್ನು ತುಸು ತಗ್ಗಿಸಬಹುದಾದರೂ ಮುಚ್ಚಿದ ಹಲ್ಲಿನ ಬೇರುತುದಿಗೆ ತಲುಪಲಾರದು, ಬದಲಿಗೆ ವಸಡನ್ನು ಸುಡುತ್ತದೆ. ಸೋಂಕು ಉಳಿದಿದ್ದರೆ ಹಳೆಯ ತುಂಬುವಿಕೆಯನ್ನು ತೆಗೆದು ನಾಳಗಳನ್ನು ಮತ್ತೆ ಶುದ್ಧಗೊಳಿಸುವ ಮರುಚಿಕಿತ್ಸೆ, ಅದು ಸಾಧ್ಯವಾಗದಿದ್ದರೆ ವಸಡನ್ನು ತೆರೆದು ಬೇರಿನ ತುದಿಯನ್ನು ಕತ್ತರಿಸಿ ಮುಚ್ಚುವ ಸಣ್ಣ ಶಸ್ತ್ರಚಿಕಿತ್ಸೆ ಇದೆ. ಬೇರು ಉದ್ದಕ್ಕೆ ಸೀಳಿದ ಒಂಟಿಬೇರಿನ ಹಲ್ಲನ್ನು ಕೀಳದೆ ವಿಧಿಯಿಲ್ಲ. ಬಹುಬೇರಿನ ಹಲ್ಲಿನಲ್ಲಿ ಸೀಳಿದ ಬೇರೊಂದನ್ನೇ ಕತ್ತರಿಸಿ ತೆಗೆದು ಉಳಿದ ಭಾಗವನ್ನು ಉಳಿಸಿಕೊಳ್ಳುವುದು ಕೆಲವೊಮ್ಮೆ ಸಾಧ್ಯ. ಬಾವು ಕಣ್ಣಿನ ಕಡೆಗೋ ಗಂಟಲಿನ ಕಡೆಗೋ ಹರಡುತ್ತಿದ್ದರೆ, ನುಂಗಲು, ಉಸಿರಾಡಲು ಕಷ್ಟವಾದರೆ ಅದು ದಂತವೈದ್ಯರ ಸರದಿಗಾಗಿ ಕಾಯುವ ನೋವಲ್ಲ, ಅಂದೇ ಆಸ್ಪತ್ರೆ ಸೇರಬೇಕಾದ ಸ್ಥಿತಿ.

ಸೊರಬದಲ್ಲಿ ಮಾಡಿಸಿದ ಹಲ್ಲನ್ನು ಶಿರಸಿಯಲ್ಲಿ ತೋರಿಸಿ, ಕೊನೆಗೆ ಶಿವಮೊಗ್ಗಕ್ಕೆ ಒಯ್ಯುವುದು ಈ ಭಾಗದಲ್ಲಿ ಸಾಮಾನ್ಯವಾದುದರಿಂದ, ಚಿಕಿತ್ಸೆಗೆ ಮೊದಲು ಮತ್ತು ಮುಗಿದ ದಿನ ತೆಗೆದ ಎಕ್ಸ್‌ರೇಗಳನ್ನು ಕೇಳಿ ಪಡೆದು ಜೋಪಾನವಾಗಿಟ್ಟುಕೊಳ್ಳಬೇಕು. ಬೇರುತುದಿಯ ನೆರಳು ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ ಎಂಬುದನ್ನು ಎರಡನೆಯ ವೈದ್ಯರು ನಿರ್ಧರಿಸಬೇಕಾದದ್ದು ಆ ಹಳೆಯ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡೇ.